ಗುಳೇದಗುಡ್ಡದ ನೇಕಾರರ ವಸಡು: ಒಂದು ಲೇಸರ್ ಪ್ರಕರಣ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕ್ಲಿನಿಕ್ಕಿಗೆ ಗುಳೇದಗುಡ್ಡದಿಂದ ಗಂಡ ಹೆಂಡತಿ ಬಂದರು. ಗಂಡನಿಗೆ 54 ವರ್ಷ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಕೆಲಸ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಡಾಕ್ಟ್ರೇ, ನಿಮ್ಮಲ್ಲಿ ಲೇಸರ್ ಐತೇನ್ರಿ?"

ಹಲ್ಲು ನೋವು ಅಂತ ಬರುವವರಿದ್ದಾರೆ, ಬಾಯಿ ವಾಸನೆ ಅಂತ ಬರುವವರಿದ್ದಾರೆ. ಯಂತ್ರದ ಹೆಸರು ಹಿಡಿದುಕೊಂಡು ಬರುವವರು ಈಗೀಗ ಜಾಸ್ತಿ. ಇವರ ತಂಗಿಯ ಮಗ ಪುಣೆಯಲ್ಲಿದ್ದಾನೆ. ಅವನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದನಂತೆ. ಸೂಜಿ ಇಲ್ಲ, ರಕ್ತ ಇಲ್ಲ, ನೋವಿಲ್ಲ, ಹತ್ತು ನಿಮಿಷದಲ್ಲಿ ಕೆಲಸ ಮುಗೀತು ಅನ್ನುವ ವಿಡಿಯೋ.

ಲೇಸರ್ ಇತ್ತು. 980 ನ್ಯಾನೋಮೀಟರ್ ತರಂಗಾಂತರದ ಡಯೋಡ್ ಲೇಸರ್, ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಆದರೆ ಅದನ್ನು ಇವರ ಬಾಯಿಗೆ ಹಚ್ಚಿದ್ದು ಎರಡು ತಿಂಗಳಿಗೂ ಜಾಸ್ತಿ ಕಾದ ಮೇಲೆ. ಹಚ್ಚಿದಾಗ ಒಂದು ಕಡೆ ನನ್ನ ಕೈಯಿಂದ ತಪ್ಪೂ ಆಯಿತು. ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಬಾಯಿಯೊಳಗೆ ಕಂಡದ್ದು

ಬಾಯಿ ತೆರೆದಾಗ ಮೊದಲು ಕಂಡದ್ದು ಕೆಳಗಿನ ಮುಂಭಾಗದ ಹಲ್ಲುಗಳು. ಕಂಡದ್ದು ಅಂದರೆ, ಅರ್ಧ ಮಾತ್ರ ಕಂಡದ್ದು. ಉಳಿದರ್ಧವನ್ನು ವಸಡು ನುಂಗಿತ್ತು. ಎರಡು ಹಲ್ಲುಗಳ ನಡುವಿನ ತ್ರಿಕೋನದ ವಸಡು ಉಬ್ಬಿ, ಶೇಂಗಾ ಕಾಳು ಸಾಲಾಗಿ ಇಟ್ಟ ಹಾಗೆ ಕಾಣುತ್ತಿತ್ತು. ಮೇಲಿನ ಮುಂಭಾಗದಲ್ಲೂ ಅದೇ, ಸ್ವಲ್ಪ ಕಡಿಮೆ. ಹಿಂದಿನ ದವಡೆ ಹಲ್ಲುಗಳ ಸುತ್ತ ಊತ ಇತ್ತು, ಕೆಂಪಗೆ, ಮುಟ್ಟಿದರೆ ರಕ್ತ.

ಮುಂಭಾಗದ ಉಬ್ಬು ಮಾತ್ರ ಗಟ್ಟಿ. ಬೆರಳಲ್ಲಿ ಒತ್ತಿದರೆ ರಬ್ಬರಿನ ಹಾಗೆ ತಿರುಗಿ ಬರುತ್ತಿತ್ತು. ಬಣ್ಣ ತಿಳಿ ಗುಲಾಬಿ, ಅಲ್ಲಲ್ಲಿ ಕಂದು ಮಚ್ಚೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ, ಅಂದರೆ ಪಾಕೆಟ್ಟಿನಲ್ಲಿ, ಅಳತೆ ಕಡ್ಡಿ ಇಳಿಸಿದರೆ 6ರಿಂದ 7 ಮಿ.ಮೀ. ಆಳ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಹೆಚ್ಚು ಕರಗಿರಲಿಲ್ಲ. ಅಂದರೆ ಆಳ ಬಂದದ್ದು ಮೂಳೆ ಕೆಳಗೆ ಇಳಿದು ಅಲ್ಲ, ವಸಡು ಮೇಲೆ ಬೆಳೆದು. ಇದಕ್ಕೆ ನಾವು ಹುಸಿ ಪಾಕೆಟ್ ಅಂತೀವಿ.

ಮೇಲಿನ ಎರಡು ಬಾಚಿ ಹಲ್ಲುಗಳ ಅಂಚಿನಲ್ಲಿ ಚಿಕ್ಕ ಕಚ್ಚು ಬಿದ್ದಿತ್ತು. ಕೇಳಿದೆ. ನೂಲು ಕಡಿದದ್ದಂತೆ, ಮೂವತ್ತು ವರ್ಷದಿಂದ. ದರ್ಜಿಗಳಲ್ಲೂ ಇಂಥ ಕಚ್ಚು ನೋಡಿದ್ದೇನೆ. ಈ ಪ್ರಕರಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅವರು ಹಲ್ಲನ್ನೂ ಒಂದು ಸಾಮಾನಿನ ಹಾಗೆ ಬಳಸುವವರು ಅನ್ನೋದು ಗೊತ್ತಾಯಿತು.

"ಬೇರೆ ಏನಾದರೂ ಔಷಧಿ ತಗೋತೀರಾ?" ಅಂದೆ.

"ಏನೂ ಇಲ್ರಿ. ಗಟ್ಟಿ ಅದೀನಿ."

ಬಾಗಿಲ ಹತ್ತಿರ ಕುಳಿತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದರು: "ಬಿಪಿ ಗುಳಿಗಿ ತಗೋತಾರಲ್ರಿ. ದಿನಾ."

ಇದು ನಮ್ಮ ಕಡೆ ದಿನವೂ ನಡೆಯೋದು. ಬಿಪಿ ಗುಳಿಗೆ ಔಷಧಿಯ ಲೆಕ್ಕಕ್ಕೆ ಬರೋದೇ ಇಲ್ಲ, ಅದು ಊಟದ ಲೆಕ್ಕ. ಚೀಟಿ ತೋರಿಸಿ ಅಂದರೆ ಚೀಟಿ ಇಲ್ಲ, ಖಾಲಿ ಸ್ಟ್ರಿಪ್ ಇತ್ತು. ಅಮ್ಲೋಡಿಪಿನ್ 10 ಮಿಲಿಗ್ರಾಂ. ಮೂರು ವರ್ಷದ ಹಿಂದೆ 5 ಮಿಲಿಗ್ರಾಂನಿಂದ ಶುರುವಾಗಿ, ಒಂದೂವರೆ ವರ್ಷದಿಂದ 10 ಆಗಿತ್ತು. ಆಮೇಲೆ ವೈದ್ಯರ ಹತ್ತಿರ ಹೋಗಿಲ್ಲ. ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ ತೋರಿಸಿ ಕೊಳ್ಳುವುದು. ವಸಡು ಉಬ್ಬಿದ್ದು ಯಾವಾಗ ಅಂದರೆ, "ವರ್ಷದ ಮ್ಯಾಲಾತ್ರಿ". ಲೆಕ್ಕ ಸರಿಹೋಯಿತು.

ಗುಳಿಗೆಗೂ ವಸಡಿಗೂ ಏನು ಸಂಬಂಧ?

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ವಸಡು ಬೆಳೆಸುತ್ತದೆ ಅಂತ 1939ರಲ್ಲೇ ವರದಿಯಾಗಿತ್ತು. ಕಿಡ್ನಿ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಕೂಡ ಹೀಗೆ ಮಾಡುತ್ತದೆ. ಮೂರನೇ ಗುಂಪು ಬಿಪಿಯ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು. ಇದರಲ್ಲಿ ನಿಫೆಡಿಪಿನ್ ದೊಡ್ಡಣ್ಣ. ಅಮ್ಲೋಡಿಪಿನ್‌ನಿಂದ ಆಗೋದು ಅದಕ್ಕಿಂತ ಕಡಿಮೆ. ಆದರೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರು ಅಷ್ಟೊಂದು ಜನ ಇರೋದರಿಂದ ನಮ್ಮ ಕುರ್ಚಿಗೆ ಬರೋರು ಅವರೇ ಜಾಸ್ತಿ.

ವಸಡಿನ ಒಳಗೆ ನಾರು ನೇಯುವ ಜೀವಕೋಶಗಳಿವೆ, ಫೈಬ್ರೋಬ್ಲಾಸ್ಟ್ ಅಂತ. ಅವು ಕೊಲಾಜನ್ ನಾರು ನೇಯುತ್ತಾ ಇರುತ್ತವೆ, ಹಳೆಯದನ್ನು ಬಿಚ್ಚುತ್ತಾ ಇರುತ್ತವೆ. ಈ ಔಷಧಿಗಳಿಂದ ಬಿಚ್ಚುವ ಕೆಲಸ ಹಿಂದೆ ಬೀಳುತ್ತದೆ, ನಾರು ರಾಶಿ ಬೀಳುತ್ತದೆ. ಇದನ್ನೇ ರೋಗಿಗೆ ಹೇಳಿದಾಗ ಅವರಿಗೆ ಹತ್ತೇ ಸೆಕೆಂಡಿನಲ್ಲಿ ಅರ್ಥವಾಯಿತು. ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೊತೆಗೆ ಹಲ್ಲಿನ ಮೇಲೆ ಕೊಳೆ ಇದ್ದರೆ ಬೆಂಕಿಗೆ ಗಾಳಿ ಹಾಕಿದ ಹಾಗೆ. ವಸಡು ಉಬ್ಬುತ್ತದೆ, ಉಬ್ಬಿದ ಸಂದಿಯಲ್ಲಿ ಬ್ರಷ್ ಹೋಗಲ್ಲ, ಕೊಳೆ ಹೆಚ್ಚುತ್ತದೆ, ಅದರಿಂದ ವಸಡು ಇನ್ನಷ್ಟು ಉಬ್ಬುತ್ತದೆ. ಇವರ ಬಾಯಲ್ಲಿ ಎರಡೂ ಇತ್ತು.

ಬಿಪಿ ನೋಡಿದೆ, 152/94. ರಕ್ತ ಪರೀಕ್ಷೆ ಬರೆದೆ. ಸಕ್ಕರೆ ಎಷ್ಟಿದೆ ನೋಡಬೇಕಿತ್ತು. ಅದಕ್ಕಿಂತ ಮುಖ್ಯವಾಗಿ ಬಿಳಿ ರಕ್ತಕಣಗಳ ಎಣಿಕೆ ಬೇಕಿತ್ತು, ಯಾಕೆಂದರೆ ಕೆಲವು ರಕ್ತ ಕ್ಯಾನ್ಸರ್‌ಗಳೂ ಮೊದಲು ಕಾಣಿಸಿಕೊಳ್ಳೋದು ವಸಡಿನ ಊತವಾಗಿ. ಉಬ್ಬಿದ ವಸಡು ಕಂಡ ಕೂಡಲೇ ಕತ್ತರಿಸಲು ಕೈ ಹಾಕುವ ಮುಂಚೆ ಈ ಒಂದು ಚೀಟಿ ಬರೆಯೋಕೆ ಎರಡು ನಿಮಿಷ ಸಾಕು. ವರದಿ ಎಲ್ಲವೂ ಸರಿ ಬಂತು.

ಎರಡು ತಿಂಗಳು ಕಾಯಿಸಿದ್ದು

ಇಲ್ಲಿ ಒಂದು ಮಾತು ಹೇಳಲೇಬೇಕು. ಡಯೋಡ್ ಲೇಸರ್ ಲಕ್ಷಗಟ್ಟಲೆ ದುಡ್ಡಿನ ಸಾಮಾನು. ನಾನು ಕಂತಿನ ಮೇಲೆ ಕೊಂಡಿದ್ದೇನೆ. ಕಂತು ಇರುವ ಯಂತ್ರಕ್ಕೆ ಒಂದು ಗುಣ ಇದೆ: ಅದು ಮೂಲೆಯಲ್ಲಿ ಕೂತು ನಮ್ಮನ್ನೇ ನೋಡುತ್ತಿರುತ್ತದೆ. ರೋಗಿಯೇ ಬಾಯಿ ಬಿಟ್ಟು ಲೇಸರ್ ಮಾಡಿ ಅಂದಾಗ, ಇಲ್ಲ ಈಗ ಬೇಡ ಅನ್ನೋದು ಅಷ್ಟು ಸುಲಭ ಅಲ್ಲ.

ಆದರೆ ಅವತ್ತೇ ಕತ್ತರಿಸಿದ್ದರೆ ಏನಾಗುತ್ತಿತ್ತು? ಗುಳಿಗೆ ಮುಂದುವರಿಯುತ್ತಿತ್ತು, ಕೊಳೆ ಅಲ್ಲೇ ಇರುತ್ತಿತ್ತು, ವರ್ಷದೊಳಗೆ ವಸಡು ಮತ್ತೆ ಬರುತ್ತಿತ್ತು. ಜೊತೆಗೆ ಉರಿಯೂತ ಇರುವ ವಸಡಿನ ನಿಜವಾದ ಗಾತ್ರ ಎಷ್ಟು ಅಂತಲೇ ಗೊತ್ತಾಗಲ್ಲ. ಊತ ಇಳಿದ ಮೇಲೆ ಉಳಿಯುವುದಷ್ಟೇ ಕತ್ತರಿಸಬೇಕಾದದ್ದು.

ಅವರ ವೈದ್ಯರಿಗೆ ಪತ್ರ ಬರೆದೆ. ಗುಳಿಗೆ ನಿಲ್ಲಿಸಿ ಅಂತ ನಾನು ರೋಗಿಗೆ ಹೇಳಲಿಲ್ಲ, ಹೇಳಲೂಬಾರದು. ಬಿಪಿ ಗುಳಿಗೆ ದಿಢೀರ್ ಬಿಟ್ಟು ಏನಾದರೂ ಆದರೆ ವಸಡು ಯಾರಿಗೆ ಬೇಕು? ಪತ್ರದಲ್ಲಿ ಇಷ್ಟೇ ಇತ್ತು: ವಸಡು ಹೀಗಿದೆ, ಅಮ್ಲೋಡಿಪಿನ್ ಕಾರಣ ಇರಬಹುದು, ಬೇರೆ ಗುಂಪಿನ ಔಷಧಿಗೆ ಬದಲಿಸಲು ಸಾಧ್ಯವಾ ನೋಡಿ. ವೈದ್ಯರು ಟೆಲ್ಮಿಸಾರ್ಟನ್ 40 ಮಿಲಿಗ್ರಾಂಗೆ ಬದಲಿಸಿದರು. ಮೂರು ವಾರ ಬಿಟ್ಟು ಬಿಪಿ ಇನ್ನೂ ಸ್ವಲ್ಪ ಮೇಲಿದೆ ಅಂತ ಜೊತೆಗೆ ಹೈಡ್ರೋಕ್ಲೋರೋಥಿಯಾಜೈಡ್ 12.5 ಸೇರಿಸಿದರು. ಎರಡೂ ಸೇರಿ ಒಂದೇ ಗುಳಿಗೆಯಾಗಿ ಬರುತ್ತದೆ. ಈ ಗುಳಿಗೆ ಮುಂದೆ ಕಥೆಯಲ್ಲಿ ಮತ್ತೆ ಬರುತ್ತದೆ.

ನಾನು ಈ ಕಡೆ ಎರಡು ಸಿಟ್ಟಿಂಗ್‌ನಲ್ಲಿ ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಕೊಳೆ ಕೆರೆದು ತೆಗೆಯೋದು), ಬೇರಿನ ಶುದ್ಧಿ ಮಾಡಿದೆ. ಬ್ರಷ್ ಹಿಡಿಯೋದು ತೋರಿಸಿದೆ, ಹಲ್ಲಿನ ಸಂದಿಗೆ ಹೋಗುವ ಚಿಕ್ಕ ಬ್ರಷ್ ಕೊಟ್ಟೆ. ಎರಡು ತಿಂಗಳು ಕಾಯಿರಿ ಅಂದಾಗ ಅವರ ಮುಖ ಸಪ್ಪಗಾಯಿತು. ಇನ್ನು ಬರಲ್ಲ ಅಂದುಕೊಂಡೆ. ಪುಣೆಯ ಹುಡುಗ ಬೇರೆ ಕಡೆ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡೆ.

ಬಂದರು. ಹಿಂದಿನ ದವಡೆಯ ವಸಡು ಪೂರ್ತಿ ಇಳಿದಿತ್ತು. ರಕ್ತ ಬರೋದು ಹೆಚ್ಚುಕಡಿಮೆ ನಿಂತಿತ್ತು. ಮುಂಭಾಗದಲ್ಲಿ 7 ಇದ್ದದ್ದು 5 ಆಗಿತ್ತು. ಆದರೆ ಗಟ್ಟಿ ನಾರಿನ ಉಬ್ಬು ಅಲ್ಲೇ ಇತ್ತು. ಅದು ತಾನಾಗಿ ಹೋಗುವ ಹಾಗೆ ಕಾಣಲಿಲ್ಲ. ಆಗ ಲೇಸರ್ ಮಾತು ತೆಗೆದೆವು.

"ಅಂದ್ರ ಬರಿ ಹಾಕಿದಂಗ ಆತಲ್ರಿ"

ಲೇಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಅವರು ಕೇಳಿದರು. ನಾನು ನಿಜ ಹೇಳಿದೆ. ಯಂತ್ರದಿಂದ ಬರುವ ಬೆಳಕು ಕಣ್ಣಿಗೆ ಕಾಣಲ್ಲ. ಕಾಣುವ ಕೆಂಪು ಚುಕ್ಕಿ ಬರೀ ಗುರಿ ತೋರಿಸೋಕೆ. ಕೂದಲೆಳೆಗಿಂತ ಕೆಲವು ಪಟ್ಟು ದಪ್ಪದ, 400 ಮೈಕ್ರಾನಿನ ಗಾಜಿನ ಎಳೆಯ ಮೂಲಕ ಬೆಳಕು ಹೊರಗೆ ಬರುತ್ತದೆ. ಈ ಬೆಳಕನ್ನು ಹೀರುವುದು ಮುಖ್ಯವಾಗಿ ರಕ್ತದ ಹಿಮೋಗ್ಲೋಬಿನ್ ಮತ್ತು ಚರ್ಮದ ಕಪ್ಪು ಬಣ್ಣ ಮೆಲನಿನ್. ಮೂಳೆ, ಹಲ್ಲು ಕತ್ತರಿಸಲು ಇದು ಬರಲ್ಲ. ಅದಕ್ಕೆ 2,940 ನ್ಯಾನೋಮೀಟರಿನ ಎರ್ಬಿಯಂ ಲೇಸರ್ ಬೇರೆ ಇದೆ, ಬೆಲೆಯೂ ಬೇರೆ.

ಆದರೆ ವಸಡು ಕತ್ತರಿಸುವಾಗ ನಾವು ಮಾಡುವುದು ಇನ್ನೊಂದು. ಗಾಜಿನ ಎಳೆಯ ತುದಿಯನ್ನು ಮೇಲಿನ ಕೆಳಗಿನ ಹಲ್ಲು ಹೇಗೆ ಕಚ್ಚುತ್ತವೆ ಅಂತ ನೋಡುವ ನೀಲಿ ಕಾಗದಕ್ಕೆ ಮುಟ್ಟಿಸಿ ಲೇಸರ್ ಬಿಡುತ್ತೇವೆ. ತುದಿ ಕಪ್ಪಾಗುತ್ತದೆ. ಆಮೇಲೆ ಬೆಳಕು ಬಹುಪಾಲು ಆ ಕಪ್ಪಿನಲ್ಲೇ ನಿಂತು, ತುದಿ ನೂರಾರು ಡಿಗ್ರಿ ಕಾಯುತ್ತದೆ. ಕತ್ತರಿಸುವುದು ಆ ಕಾದ ತುದಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಬರಿ ಹಾಕಿದಂಗ ಆತಲ್ರಿ" ಅಂದರು.

ಹೌದು, ಸಣ್ಣ ಬರೆ. ಬಹಳ ಸಣ್ಣ, ಲೆಕ್ಕವಿಟ್ಟ ಬರೆ. ನನ್ನ ಕಾಲೇಜಿನ ದಿನಗಳಲ್ಲಿ ಯಾರೂ ಇಷ್ಟು ನೇರವಾಗಿ ಹೇಳಿಕೊಟ್ಟಿರಲಿಲ್ಲ. ಅಂಗಾಂಶ ಸುಮಾರು 60 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಅದಕ್ಕೇ ರಕ್ತ ನಿಲ್ಲುವುದು. 100 ಡಿಗ್ರಿಗೆ ಒಳಗಿನ ನೀರು ಕುದಿದು ಆವಿಯಾಗುತ್ತದೆ, ಅದಕ್ಕೇ ಕತ್ತರಿಸುವುದು. ಅದರ ಮೇಲೆ ಹೋದರೆ ಬರೀ ಇದ್ದಿಲು. ಇನ್ನು ಮೂಳೆ: 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲದ ಮೂಳೆಯ ಮೇಲೆ ಪರೀಕ್ಷೆ ಮಾಡಿ, 47 ಡಿಗ್ರಿ ಒಂದು ನಿಮಿಷ ತಾಗಿದರೂ ಮೂಳೆಗೆ ಪೆಟ್ಟು ಅಂತ ತೋರಿಸಿದರು. ನೂರಾರು ಡಿಗ್ರಿಯ ತುದಿಗೂ 47 ಡಿಗ್ರಿ ತಡೆಯದ ಮೂಳೆಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ವಸಡು. ಇದನ್ನು ನಾನು ಓದಿದ್ದೆ. ಓದಿದ್ದೂ ತಪ್ಪು ಮಾಡಿದೆ.

ಸೂಜಿ ಬೇಕೇ ಬೇಕು ಅಂತಲೂ ಹೇಳಿದೆ. ಎಲ್ಲೋ ಚಿಕ್ಕ ಹುಣ್ಣಿಗೆ, ತೆಳು ಚರ್ಮಕ್ಕೆ ಬರೀ ಮರಗಟ್ಟಿಸುವ ಜೆಲ್ ಸಾಕಾಗಬಹುದು. ಇಷ್ಟು ದಪ್ಪ ವಸಡಿಗೆ ಸಾಕಾಗಲ್ಲ. ಪುಣೆಯ ವಿಡಿಯೋದ ಮೊದಲ ಸುಳ್ಳು ಅಲ್ಲಿಗೆ ಬಿತ್ತು.

ಮೊದಲ ದಿನ: ಕೆಳಗಿನ ಆರು ಹಲ್ಲು

ಬಿಪಿ 138/86. 180/110 ದಾಟಿದ್ದರೆ ಮುಟ್ಟುತ್ತಿರಲಿಲ್ಲ. ಮರಗಟ್ಟಿಸುವ ಸೂಜಿ 2 ಶೇಕಡಾ ಲಿಗ್ನೋಕೈನ್, ಜೊತೆಗೆ 1:80,000 ಅಡ್ರಿನಲಿನ್. ಬಿಪಿ ಇರುವವರಿಗೆ ಅಡ್ರಿನಲಿನ್ 0.04 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತೇನೆ. ಈ ದ್ರಾವಣದಲ್ಲಿ ಅದು 3 ಮಿ.ಲೀ. ಚಿಲ್ಲರೆ. 2 ಮಿ.ಲೀ.ನಲ್ಲಿ ಕೆಲಸ ಆಯಿತು.

ಕನ್ನಡಕ ಮೂರು: ರೋಗಿಗೆ, ನನಗೆ, ಸಹಾಯಕಿಗೆ. ಈ ತರಂಗಾಂತರಕ್ಕೇ ಮಾಡಿದ ಕನ್ನಡಕ. ಬಿಸಿಲಿನ ಕಪ್ಪು ಕನ್ನಡಕ ನಡೆಯಲ್ಲ. ಈ ಬೆಳಕು ಕಣ್ಣಿನ ಮುಂಭಾಗವನ್ನು ದಾಟಿ ನೇರ ಹಿಂದಿನ ಪರದೆಯ ಮೇಲೆ ಬೀಳುತ್ತದೆ. ನೋವೂ ಆಗಲ್ಲ, ಕಾಣುವುದೂ ಇಲ್ಲ, ಹಾಗಾಗಿ ತಪ್ಪು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹೆಂಡತಿ ಒಳಗೇ ಕೂರುತ್ತೇನೆ ಅಂತ ಹಠ ಮಾಡಿದರು. ನಾಲ್ಕನೇ ಕನ್ನಡಕ ಇರಲಿಲ್ಲ. ಹೊರಗೆ ಕೂರಿಸಬೇಕಾಯಿತು. ಮರುವಾರವೇ ಇನ್ನೊಂದು ಕನ್ನಡಕ ತರಿಸಿದೆ.

ಮೊದಲು ಕಡ್ಡಿಯಿಂದ ಪಾಕೆಟ್ಟಿನ ತಳ ಎಲ್ಲಿದೆ ನೋಡಿ, ಹೊರಗಿನಿಂದ ರಕ್ತದ ಚುಕ್ಕಿ ಗುರುತು ಹಾಕಿದೆ. ಮೂಳೆ ಎಲ್ಲಿದೆ ಅಂತಲೂ ಚುಚ್ಚಿ ನೋಡಿದೆ. ಮೂಳೆಯ ಮೇಲೆ ಹಲ್ಲಿಗೆ ಅಂಟಿಕೊಂಡ ಸುಮಾರು 2 ಮಿ.ಮೀ. ಪಟ್ಟಿ ಇರುತ್ತದೆ, ಅದನ್ನು ಕತ್ತರಿಸಿದರೆ ವಸಡು ಮತ್ತೆ ತನ್ನ ಜಾಗ ಹುಡುಕಿಕೊಂಡು ಬೆಳೆಯುತ್ತದೆ ಅಥವಾ ಮೂಳೆ ಕರಗುತ್ತದೆ. ಎಲ್ಲ ಉಬ್ಬನ್ನು ತೆಗೆದ ಮೇಲೂ ಗಟ್ಟಿ ವಸಡು ಸಾಕಷ್ಟು ಉಳಿಯುತ್ತಿತ್ತು. ಅದು ಉಳಿಯದಿದ್ದರೆ, ಅಥವಾ ಮೂಳೆಯಲ್ಲಿ ಗುಂಡಿಗಳಿದ್ದರೆ, ಲೇಸರ್ ಆಗಲಿ ಚಾಕು ಆಗಲಿ ಹೀಗೆ ಕೊಯ್ಯಬಾರದು. ವಸಡನ್ನು ಬಿಡಿಸಿ ಎತ್ತುವ ಫ್ಲ್ಯಾಪ್ ಆಪರೇಷನ್ನೇ ಮಾಡಬೇಕು.

1.2 ವ್ಯಾಟ್, ನಿರಂತರ. ಶುರು ಮಾಡಿದೆ. ಸಹಾಯಕಿ ತುದಿಯ ಪಕ್ಕದಲ್ಲೇ ಸಕ್ಷನ್ ಹಿಡಿದಿದ್ದಳು. ಆ ಹೊಗೆ ಬರೀ ವಾಸನೆ ಅಲ್ಲ, ಅದರಲ್ಲಿ ಸುಟ್ಟ ಅಂಗಾಂಶದ ಕಣಗಳಿರುತ್ತವೆ. ಅದಕ್ಕೇ ಎನ್95 ಮಾಸ್ಕ್. ಆದರೂ ರೋಗಿಯ ಮೂಗಿಗೆ ಬಂತು. ಕೈ ಎತ್ತಿದರು. "ಕೂದ್ಲ ಸುಟ್ಟಂಗ ವಾಸನಿ ಬರಾಕತ್ತೈತ್ರಿ." ಇದನ್ನು ಮೊದಲೇ ಹೇಳಿರಬೇಕಿತ್ತು.

ಎರಡು ಹಲ್ಲು ಚೆನ್ನಾಗಿ ಹೋಯಿತು. ಮೂರನೆಯದರಿಂದ ತುದಿ ಎಳೆಯತೊಡಗಿತು. ಗಟ್ಟಿ ನಾರಿನ ವಸಡಿನಲ್ಲಿ ರಕ್ತ ಕಡಿಮೆ, ನೀರೂ ಕಡಿಮೆ. ತುದಿಗೆ ಸುಟ್ಟ ಚೂರು ಅಂಟಿಕೊಂಡು ದಪ್ಪಗಾಗುತ್ತಿತ್ತು. ನಿಲ್ಲಿಸಿ, ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸಿ, ತುದಿ ಕತ್ತರಿಸಿ ಹೊಸದು ಮಾಡಿಕೊಳ್ಳಬೇಕಿತ್ತು. ಮಾಡಲಿಲ್ಲ. ಹೊರಗೆ ಐದು ಜನ ಕಾಯುತ್ತಿದ್ದರು. ಗುಂಡಿ ಒತ್ತಿ 2 ವ್ಯಾಟ್ ಮಾಡಿದೆ.

ಕೆಳ ಎಡ ಕೋರೆ ಹಲ್ಲಿನ ಹತ್ತಿರ ಉಬ್ಬು ದಪ್ಪ ಇತ್ತು. ಅಲ್ಲಿ ಕೈ ಒಂದೇ ಜಾಗದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತಿತು. ಎಷ್ಟು ಸೆಕೆಂಡು ಅಂತ ಹೇಳಲಾರೆ. ಆದರೆ ವಸಡು ಬಿಳುಪಾದದ್ದು, ಆಮೇಲೆ ಕಪ್ಪಾದದ್ದು ಕಣ್ಣಿಗೆ ಬಿತ್ತು. ಕೋರೆ ಹಲ್ಲಿನ ಮುಂದೆ ಮೂಳೆ ಬಲು ತೆಳು. ಮೆಲನಿನ್ ಮಚ್ಚೆ ಇದ್ದದ್ದೂ ಅಲ್ಲೇ, ಅದು ಶಾಖವನ್ನು ಇನ್ನಷ್ಟು ಹೀರಿತು ಅಂತ ಈಗ ಅನ್ನಿಸುತ್ತದೆ. ಪುಸ್ತಕದ ಸೆಟ್ಟಿಂಗ್‌ಗಳನ್ನು ನಮ್ಮ ಜನರ ಕಂದು ವಸಡಿಗೆ ಹಾಗೇ ಹಚ್ಚಬಾರದು, ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಬೇಕು. ನಾನು ಮೇಲಕ್ಕೆ ಹೋಗಿದ್ದೆ.

ರಕ್ತ ಒಂದು ಹನಿ ಇಲ್ಲ. ಹೊಲಿಗೆ ಇಲ್ಲ, ಗಾಯ ಮುಚ್ಚುವ ಪ್ಯಾಕ್ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಅವರು ಖುಷಿಯಾದರು. ವಿಡಿಯೋದಲ್ಲಿ ಇದ್ದ ಹಾಗೇ ಇತ್ತು.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟೆ. ನಮ್ಮ ಕಡೆ ಡೈಕ್ಲೋಫೆನಾಕ್ ಬರೆಯೋದು ಅಭ್ಯಾಸ. ಆದರೆ ಆ ಗುಂಪಿನ ನೋವಿನ ಗುಳಿಗೆಗಳು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಮಾಡುವ ಕೆಲಸವನ್ನೂ ಕುಂದಿಸುತ್ತವೆ. ಆಂಟಿಬಯೋಟಿಕ್ ಬೇಡ. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯಲು, ಒಂದು ವಾರ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಒಂದು ವಾರ ಇಲ್ಲ. ಜೋಳದ ಅಂಬಲಿ, ಮೊಸರನ್ನ, ತಣ್ಣಗಿನ ನುಚ್ಚು. ಖಾರ ಇಲ್ಲ ಅಂದಾಗಲೇ ಅವರಿಗೆ ನಿಜವಾದ ನೋವಾದದ್ದು.

ನಾಲ್ಕನೇ ದಿನದ ಫೋನು

"ಡಾಕ್ಟ್ರೇ, ಕೀಂವ ತುಂಬೈತ್ರಿ." ವಾಟ್ಸಾಪ್‌ನಲ್ಲಿ ಫೋಟೋ ಬಂತು. ಐದು ಹಲ್ಲಿನ ಹತ್ತಿರ ಇದ್ದದ್ದು ಹಳದಿ ಬಿಳಿ ಪದರ. ಅದು ಕೀವು ಅಲ್ಲ, ಗಾಯದ ಮೇಲೆ ದೇಹವೇ ಹೊದಿಸುವ ಫೈಬ್ರಿನ್ ಹೊದಿಕೆ. ಲೇಸರ್ ಗಾಯದಲ್ಲಿ ಇದು ಒಂದು ವಾರ ಇರುತ್ತದೆ, ಕೆರೆಯಬಾರದು. ಇದನ್ನೂ ಮೊದಲೇ ಹೇಳಿದ್ದರೆ ಫೋನು ಬರುತ್ತಿರಲಿಲ್ಲ. ಈಗ ಎಲ್ಲರಿಗೂ ಫೋಟೋ ತೋರಿಸಿಯೇ ಕಳಿಸುತ್ತೇನೆ.

ಕೋರೆ ಹಲ್ಲಿನ ಹತ್ತಿರ ಮಾತ್ರ ಬೂದು ಬಣ್ಣ. ನೋವೂ ಅಲ್ಲೇ. ಕರೆಸಿ ನೋಡಿದೆ. ಹಲ್ಲುಗಳ ನಡುವಿನ ತ್ರಿಕೋನದ ವಸಡಿನ (ಪ್ಯಾಪಿಲ್ಲಾ) ತುದಿ ಸತ್ತಿತ್ತು. ಸಲೈನಿನಲ್ಲಿ ತೊಳೆದು, ಸತ್ತ ಚೂರು ತಾನಾಗಿ ಬಿದ್ದುಹೋಗಲು ಬಿಟ್ಟೆ. ಪುಣ್ಯಕ್ಕೆ ಮೂಳೆ ತೆರೆಯಲಿಲ್ಲ. ಮೂರು ವಾರಕ್ಕೆ ಮಾಯಿತು. ಆದರೆ ಆ ಹಲ್ಲಿನಲ್ಲಿ ವಸಡು 1 ಮಿ.ಮೀ. ಕೆಳಗೆ ಸರಿದು ಬೇರು ಸ್ವಲ್ಪ ಕಂಡಿತು. ಗಡಿಗೆಯ ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು.

ಅವರಿಗೆ ನೇರವಾಗಿ ಹೇಳಿದೆ, ಇಲ್ಲಿ ನನ್ನ ಕೈ ಜಾಸ್ತಿ ಹೊತ್ತು ನಿಂತಿತು, ಸುಟ್ಟಿತು. ಅವರು ಸಿಟ್ಟಾಗಲಿಲ್ಲ. "ನೂಲು ಕಡದ್ರ ನಾವ್ ಗಂಟು ಹಾಕ್ತೀವಿ. ಇದಕ್ಕ ಗಂಟು ಬೀಳಂಗಿಲ್ಲೇನ್ರಿ?" ಅಂದರು. ಬೀಳುತ್ತದೆ, ಅಂಗುಳಿನಿಂದ ಚೂರು ತೆಗೆದು ಮುಚ್ಚಬಹುದು ಅಂದೆ. ಇನ್ನೊಂದು ಗಾಯ ಬೇಡ ಅಂದರು. ಫ್ಲೋರೈಡ್ ವಾರ್ನಿಷ್ ಹಚ್ಚಿದೆ. ಆ ಹಲ್ಲಿನ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡನೇ ದಿನ: ಮೇಲಿನ ಆರು

ಒಂದೂವರೆ ತಿಂಗಳು ಬಿಟ್ಟು ಮೇಲಿನ ಹಲ್ಲು. ಈ ಸಲ ಕೆಲಸವನ್ನು ಎರಡಾಗಿ ಒಡೆದೆ. ದಪ್ಪ ಉಬ್ಬನ್ನು 15ನೇ ನಂಬರ್ ಬ್ಲೇಡಿನಲ್ಲಿ ಕೊಯ್ದೆ. ನಾರಿನ ವಸಡಿಗೆ ಬ್ಲೇಡಿನಷ್ಟು ಚಂದದ ಸಾಮಾನು ಇನ್ನೊಂದಿಲ್ಲ. ಬೆಲೆಯೂ ಕಡಿಮೆ, ಬೇಗವೂ ಹೌದು. ಕೊಯ್ದ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದೆ. ಊರಲ್ಲೇ ಡೆಂಟಲ್ ಕಾಲೇಜು ಇರೋದು ಇಂಥ ಹೊತ್ತಿಗೆ ದೊಡ್ಡ ಅನುಕೂಲ. ಲೇಸರ್‌ನಲ್ಲಿ ಕೊಯ್ದಿದ್ದರೆ ಅಂಚೆಲ್ಲ ಸುಟ್ಟು, ಪೆಥಾಲಜಿಯವರಿಗೆ ಓದಲು ಕಷ್ಟವಾಗುತ್ತಿತ್ತು. ಲೇಸರ್‌ನಲ್ಲೇ ತೆಗೆಯಬೇಕಾದರೆ ಅನುಮಾನದ ಜಾಗದಿಂದ ದೂರ ಬಿಟ್ಟು, ಅಗಲವಾಗಿ ತೆಗೆಯಬೇಕು. ವರದಿ ಹದಿನೈದು ದಿನದಲ್ಲಿ ಬಂತು: ದಟ್ಟ ಕೊಲಾಜನ್ ನಾರು, ಮೇಲ್ಪದರದಿಂದ ಒಳಗಿಳಿದ ಉದ್ದ ಬೇರುಗಳು, ಹಳೆಯ ಉರಿಯೂತ. ಕೆಟ್ಟದ್ದೇನೂ ಇಲ್ಲ.

ಬ್ಲೇಡ್ ಕೆಲಸ ಮುಗಿದಾಗ ರಕ್ತ ಬರುತ್ತಿತ್ತು, ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು. ಲೇಸರ್ ಎತ್ತಿಕೊಂಡದ್ದು ಆಗ. 1.5 ವ್ಯಾಟ್, ಆದರೆ ಬಿಟ್ಟು ಬಿಟ್ಟು, ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್. ಸರಾಸರಿ 0.75 ವ್ಯಾಟ್. ಆ ಬಿಡುವಿನಲ್ಲಿ ಅಂಗಾಂಶ ಆರುತ್ತದೆ. ಕೈ ನಿಲ್ಲಿಸದೆ, ರಂಗೋಲಿಯ ಎಳೆ ಬಿಟ್ಟ ಹಾಗೆ ಹಗುರವಾಗಿ ಎಳೆಯುತ್ತಾ ಅಂಚು ತೆಳು ಮಾಡಿದೆ. ಎರಡು ಹಲ್ಲಿಗೊಮ್ಮೆ ತುದಿ ಒರೆಸಿದೆ. ಹಲ್ಲಿನ ಬೇರಿನ ಕಡೆಗೆ ತುದಿ ತಿರುಗಿಸಲಿಲ್ಲ. ನೋಡನೋಡುತ್ತ ರಕ್ತ ನಿಂತಿತು, ವಸಡು ತನ್ನ ಆಕಾರಕ್ಕೆ ಬಂತು. ಲೇಸರ್ ಅನ್ನು ನಾನು ಮೆಚ್ಚೋದು ಈ ಕೆಲಸಕ್ಕೆ. ಬ್ಲೇಡಿನಲ್ಲಿ ಈ ಅಂಚು ಬರಲ್ಲ, ಬಂದರೂ ರಕ್ತದ ನಡುವೆ ಕಾಣಲ್ಲ.

ಈ ಸಲ ನೋವು ಒಂದೇ ದಿನ. ಹೆಂಡತಿ ನಾಲ್ಕನೇ ಕನ್ನಡಕ ಹಾಕಿಕೊಂಡು ಒಳಗೇ ಕೂತಿದ್ದರು.

ದಿನನಿತ್ಯದ ಕೆಲಸದಲ್ಲಿ ಈ ಯಂತ್ರ ನನಗೆ ಎಲ್ಲಿ ಒದಗುತ್ತದೆ ಅಂದರೆ: ಬುದ್ಧಿಹಲ್ಲಿನ ಮೇಲಿನ ತೊಗಲು ತೆಗೆಯಲು, ತುಟಿಯನ್ನು ಎಳೆದು ಹಿಡಿದ ಫ್ರೀನಂ ಅನ್ನುವ ಎಳೆ ಬಿಡಿಸಲು, ಕ್ಯಾಪ್ ಅಳತೆಗೆ ಮುಂಚೆ ವಸಡು ಸರಿಸಲು, ಕ್ಲಿಪ್ ಹಾಕಲು ಅರ್ಧ ಹೂತ ಹಲ್ಲನ್ನು ತೆರೆಯಲು. ಇವೆಲ್ಲ ಐದು ಹತ್ತು ನಿಮಿಷದ ಕೆಲಸ, ರಕ್ತ ಇಲ್ಲದ್ದೇ ಲಾಭ. ಆಳವಾದ ಪಾಕೆಟ್ಟಿನಲ್ಲಿ ಲೇಸರ್ ಹಾಕಿ ಪೈರಿಯಾ ವಾಸಿ ಮಾಡುತ್ತೇವೆ ಅನ್ನುವ ಬೋರ್ಡುಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಅಮೆರಿಕದ ವಸಡು ತಜ್ಞರ ಸಂಸ್ಥೆಯಾದ ಪೆರಿಯೊಡಾಂಟಾಲಜಿ ಅಕಾಡೆಮಿ 2018ರಲ್ಲಿ ಇದ್ದ ಪುರಾವೆಗಳನ್ನೆಲ್ಲ ತಡಕಿದಾಗಲೂ, ಸರಿಯಾದ ಸ್ಕೇಲಿಂಗ್ ಮೇಲೆ ಲೇಸರ್ ಸೇರಿಸಿದ್ದರಿಂದ ಸಿಕ್ಕ ಹೆಚ್ಚುವರಿ ಲಾಭ 1 ಮಿ.ಮೀ.ಗಿಂತ ಕಡಿಮೆಯೇ ಇತ್ತು.

ಒಂಬತ್ತನೇ ತಿಂಗಳು

ಮೂರು ತಿಂಗಳಿಗೆ ಬಂದಾಗ ಎಲ್ಲ ಕಡೆ ಆಳ 2ರಿಂದ 3 ಮಿ.ಮೀ. ಆರು ತಿಂಗಳಿಗೂ ಅಷ್ಟೇ. ಕೋರೆ ಹಲ್ಲಿನ ಜುಮ್ ಕಡಿಮೆಯಾಗಿತ್ತು, 1 ಮಿ.ಮೀ. ಮಾತ್ರ ಹಾಗೇ ಇತ್ತು.

ಒಂಬತ್ತನೇ ತಿಂಗಳಲ್ಲಿ ಮೇಲಿನ ಎರಡು ಪ್ಯಾಪಿಲ್ಲಾ ಮತ್ತೆ ದುಂಡಗಾಗಿದ್ದವು. ಚಿಕ್ಕ ಉಬ್ಬು, ಬೇರೆ ಯಾರಿಗೂ ಕಾಣುವಂಥದ್ದಲ್ಲ. ಬ್ರಷ್ ಚೆನ್ನಾಗಿ ಮಾಡುತ್ತಿದ್ದರು, ಕೊಳೆ ಇರಲಿಲ್ಲ. ಹಾಗಾದರೆ ಯಾಕೆ? ಗುಳಿಗೆ ಬದಲಾಯಿತಾ ಅಂದೆ. "ಇಲ್ರಿ, ಅದ ಗುಳಿಗಿ." ಈ ಸಲ ನಾನು ಕಲಿತಿದ್ದೆ. ಸ್ಟ್ರಿಪ್ ತೋರಿಸಿ ಅಂದೆ.

ಹೆಸರು ಅದೇ ಟೆಲ್ಮಿಸಾರ್ಟನ್ನಿನದು. ಆದರೆ ಹೆಸರಿನ ಕೊನೆಗೆ ಇರಬೇಕಾದ, ಹೈಡ್ರೋಕ್ಲೋರೋಥಿಯಾಜೈಡ್ ಅನ್ನು ಸೂಚಿಸುವ ಎಚ್ ಅಕ್ಷರದ ಜಾಗದಲ್ಲಿ ಎಎಂ ಇತ್ತು. ತಿರುಗಿಸಿ ಸಣ್ಣ ಅಕ್ಷರ ಓದಿದೆ: ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5. ಎರಡು ತಿಂಗಳ ಹಿಂದೆ ಅಂಗಡಿಯಲ್ಲಿ ಎಚ್ ಇರಲಿಲ್ಲವಂತೆ. ಎರಡೂ ಬಿಪಿಗೇ, ಕಂಪನಿಯೂ ಒಂದೇ ಅಂತ ಇದನ್ನು ಕೊಟ್ಟರಂತೆ. ಬಿಪಿಯೂ ಚೆನ್ನಾಗಿಯೇ ಇತ್ತು, 128/80. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ವಸಡಿಗೆ ಮಾತ್ರ.

ಮತ್ತೆ ವೈದ್ಯರಿಗೆ ಪತ್ರ, ಈ ಸಲ ಸ್ಟ್ರಿಪ್ಪಿನ ಫೋಟೋ ಸಮೇತ. ಮೊದಲಿನ ಗುಳಿಗೆಗೇ ತಂದರು. ನಾನು ಸ್ಕೇಲಿಂಗ್ ಮಾಡಿ ಕಳಿಸಿದೆ, ಬೇರೇನೂ ಮಾಡಲಿಲ್ಲ. ಅವರೇ ಕೇಳಿದರು, "ಸಣ್ಣದಾಗಿ ಒಂದ್ ಬರಿ ಎಳೀತೀರೇನ್ರಿ?" ಬೇಡ, ಕಾಯೋಣ ಅಂದೆ. ಈ ಸಲ ಮುಖ ಸಪ್ಪಗಾಗಲಿಲ್ಲ.

ಹನ್ನೆರಡನೇ ತಿಂಗಳ ಅಳತೆ: ಮೇಲೆ 3, ಕೆಳಗೆ 2ರಿಂದ 3, ಕೆಳ ಎಡ ಕೋರೆಯಲ್ಲಿ ವಸಡು 1 ಮಿ.ಮೀ. ಕೆಳಗೆ. ರಕ್ತ ಇಲ್ಲ. ಎರಡು ಪ್ಯಾಪಿಲ್ಲಾಗಳೂ ಇಳಿದಿದ್ದವು. ಹೆಂಡತಿ ಖಾಲಿ ಸ್ಟ್ರಿಪ್ಪಿನ ಒಂದು ತುಂಡು ಕತ್ತರಿಸಿ ನನ್ನ ಕಾರ್ಡಿನ ಹಿಂದೆ ಅಂಟಿಸಿಟ್ಟುಕೊಂಡಿದ್ದಾರೆ, ಎಚ್ ಅಕ್ಷರ ಕಾಣುವ ಹಾಗೆ. ಅಂಗಡಿಯಲ್ಲಿ ಅದನ್ನು ಪಕ್ಕದಲ್ಲಿಟ್ಟು ಹೊಂದಿಸಿ ನೋಡಿದ ಮೇಲೇ ದುಡ್ಡು ಕೊಡುತ್ತಾರಂತೆ. ಮುಂದಿನ ಭೇಟಿ ಆರು ತಿಂಗಳಿಗೆ.